ಜಗ್ಗದ ಬೋಲ್ಟಿಗೆ ಕಾವಕ್ಕನ ಕಾವು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯೊಂದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಹಳೆಯ ಕಾರೊಂದು ಬಾನೆಟ್ ಎತ್ತಿಕೊಂಡು ನಿಂತಿದೆ. ಅದರ ಮುಂದೆ ಗಿಡ್ಡ ಸ್ಟೂಲಿನ ಮೇಲೆ ನಿಂತ ಹೆಂಗಸೊಬ್ಬರು ಒಳಕ್ಕೆ ಬಾಗಿ, ಎಂಜಿನ್ನಿನ ಪಕ್ಕೆಗೆ ಅಂಗೈ ಒತ್ತಿ ಸುಮ್ಮನಿದ್ದಾರೆ. ಕತ್ತಿಗೆ ಸುತ್ತಿದ ಟವೆಲು, ಹಣೆಗೆ ರಬ್ಬರ್ ಪಟ್ಟಿಯಲ್ಲಿ ಕಟ್ಟಿದ ಪುಟ್ಟ ದೀಪ, ಮುಂಗೈ ತುಂಬ ಹಳೆಯ ಸುಟ್ಟ ಗುರುತುಗಳು. ಸ್ಪ್ಯಾನರ್ ಇನ್ನೂ ಚೀಲದಿಂದ ಹೊರಗೆ ಬಂದಿಲ್ಲ.

"ರಾತ್ರಿಯೆಲ್ಲ ತಣ್ಣಗಾಗಿದೆ. ಈ ಹೊತ್ತಲ್ಲಿ ಎಂಜಿನ್ನೂ ಬೋಲ್ಟೂ ಒಂದೇ ಮನಸ್ಸಲ್ಲಿ ಇರ್ತವೆ," ಎನ್ನುತ್ತಾರೆ ಅವರು, ಕೈ ತೆಗೆಯದೆ. ಇಷ್ಟು ಬೇಗ ಬರುವುದಕ್ಕೆ ಇನ್ನೊಂದು ಕಾರಣವೂ ಉಂಟು. "ಬಿಸಿಲೇರಿದ್ರೆ ಬೀದಿಯೋರೆಲ್ಲ ಏಳ್ತಾರೆ. ಒಬ್ರು ಎಣ್ಣೆ ಬಿಡಿ ಅಂತಾರೆ, ಇನ್ನೊಬ್ರು ಸುತ್ತಿಗೆ ತರ್ಲಾ ಅಂತಾರೆ. ಸಲಹೆ ಕೊಡೋರು ಹಲ್ಲುಜ್ಜೋದ್ರೊಳಗೆ ಅರ್ಧ ಕೆಲಸ ಮುಗಿಸ್ಕೋಬೇಕು."

ಹತ್ತಾರು ಬೀದಿಗಳಲ್ಲಿ ಇವರನ್ನು ಕರೆಯುವುದು ಕಾವಕ್ಕ ಎಂದೇ. ಕಾವು ಕೊಡುವ ಅಕ್ಕ. ಅರವತ್ತರ ಹತ್ತಿರದ ವಯಸ್ಸು, ಆಳಿಗಿಂತ ಚೀಲವೇ ಭಾರ ಎನ್ನುವಂಥ ಮೈಕಟ್ಟು. ಮನೆಯಲ್ಲೇ ಕಾರು ರಿಪೇರಿಗೆ ಕುಳಿತವರು ಎಲ್ಲ ಬೋಲ್ಟನ್ನೂ ಬಿಚ್ಚಿ, ಕೊನೆಯದೊಂದು ಉಡದ ಪಟ್ಟು ಹಿಡಿದು ಕೂತಾಗ ಕರೆ ಹೋಗುವುದು ಇವರಿಗೆ. ಆದರೆ ರಿಪೇರಿ ಇವರ ಕೆಲಸವಲ್ಲ. "ಕಾರು ಯಾಕೆ ಹೊಗೆ ಬಿಡ್ತಿದೆ, ಯಾಕೆ ಕೆಮ್ತಿದೆ ಅಂತ ನನ್ನ ಕೇಳ್ಬೇಡಿ. ನಂಗೆ ಗೊತ್ತಿಲ್ಲ, ಗೊತ್ತು ಅಂತ ಹೇಳೋಕೆ ನಾಚಿಕೆ. ಬರದೇ ಇರೋ ಬೋಲ್ಟು ಯಾವ್ದು, ಅಷ್ಟು ತೋರ್ಸಿ ಸಾಕು."

ಈ ಬೆಳಗಿನ ಕಾರು ಡ್ರೈವರಣ್ಣನದು. ಎಪ್ಪತ್ತು ದಾಟಿದ ಈ ಹಿರಿಯರು ಬದುಕೆಲ್ಲ ಬಾಡಿಗೆ ಕಾರು ಓಡಿಸಿದವರು. ಕಾರು ಈಗ ಬಾಡಿಗೆಗೆ ಹೋಗುವುದಿಲ್ಲ, ಮಗಳು ಕೆಲಸಕ್ಕೆ ಹೋಗಿಬರಲು ಓಡಿಸುತ್ತಾಳೆ. ವಾರದಿಂದ ಅದರ ವಾಟರ್ ಪಂಪು ಸೋರುತ್ತಿದೆ. ಎಂಜಿನ್ನಿಗೆ ನೀರು ತಿರುಗಿಸಿ ತಂಪು ಮಾಡುವ ಪಂಪು ಅದು. ಹೊಸದು ತಂದು ಹಾಕಲು ಅಪ್ಪ ಮಗಳು ನಿನ್ನೆ ಕೂತರು. ಒಂದೊಂದಾಗಿ ಬೋಲ್ಟುಗಳು ಬಂದವು. ಕೆಳಗಿನ ಮೂಲೆಯದೊಂದು ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಡ್ರೈವರಣ್ಣ ಬಾಗಿ ಎಳೆದರು, ಮಗಳು ಕಾಲು ಕೊಟ್ಟು ಒದ್ದಳು. ಬೋಲ್ಟಿನ ತಲೆ ಕೊಂಚ ಸವೆಯಿತೇ ಹೊರತು ಅದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಬೋಲ್ಟಿನ ಕಥೆ ಇಷ್ಟೇ ಆಗಿದ್ದರೆ ಸುಲಭವಿತ್ತು. ಗೇಟಿನ ಬಳಿಯೇ ಮಗಳು ಕಾವಕ್ಕನನ್ನು ನಿಲ್ಲಿಸಿಕೊಂಡು ದನಿ ತಗ್ಗಿಸಿ ಹೇಳಿದ್ದಾಳೆ.

"ಅಕ್ಕ, ಅಪ್ಪಂಗೆ ಮರೆವು ಶುರುವಾಗಿದೆ. ಹೋದ ತಿಂಗಳು ಮಾರ್ಕೆಟ್ಟಿಗೆ ಹೋದೋರು ಮನೆ ದಾರಿ ಕೇಳ್ಕೊಂಡು ಬಂದ್ರು. ಊರಿಗೆಲ್ಲ ದಾರಿ ತೋರಿಸಿದೋರು! ಕಾರಿನ ಕೀ ಅವತ್ತೇ ಎತ್ತಿಟ್ಟೆ. ಬಾನೆಟ್ ಒಂದು ಬಿಟ್ಟಿದ್ದೆ ಅವರಿಗೆ. ಈಗ ನೋಡಿದ್ರೆ ಇದು. ಈ ಬೋಲ್ಟಿಗೆ ಏನಾದ್ರೂ ಹಾಕಿದ್ಯಾ ಅಂತ ಕೇಳಿದ್ರೆ ಇಲ್ಲ ಅಂತ ಆಣೆ ಮಾಡ್ತಾರೆ. ನಿನ್ನೆ ಕಿರುಚಾಡಿಬಿಟ್ಟೆ. ಇದು ಮುರಿದ್ರೆ ಇಷ್ಟೇ ಅಕ್ಕ, ಟೂಲ್ಸೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಹಾಕ್ತೀನಿ. ಇನ್ಮೇಲೆ ಗ್ಯಾರೇಜೇ ಗತಿ."

ಬೀಗ ಆಗಲೇ ಅವಳ ಕೈಯಲ್ಲಿತ್ತು. ಕಾವಕ್ಕ ಅದನ್ನು ನೋಡಿ ಶೆಡ್ಡಿನತ್ತ ನಡೆದರು.

ಬೋಲ್ಟಿನ ಕೆಲಸಕ್ಕೆ ಕಾವಕ್ಕ ಬಂದದ್ದು ಗ್ಯಾರೇಜಿನಿಂದಲ್ಲ, ರೇಡಿಯೊ ಕಾರ್ಖಾನೆಯಿಂದ. ಹದಿನೆಂಟಕ್ಕೆ ಸೇರಿದ ಹುಡುಗಿ, ತಲೆಯಲ್ಲಿ ಒಂದೆರಡು ಬಿಳಿಕೂದಲು ಮೂಡುವವರೆಗೆ ಅಲ್ಲೇ ಬೆಸುಗೆ ಹಾಕಿದರು. ಉದ್ದನೆಯ ಹಾಲ್, ಸಾಲು ಸಾಲು ಮೇಜು, ಮೇಜಿಗೊಬ್ಬ ಹೆಂಗಸು. ಸಣ್ಣ ತಂತಿಗಳ ಕೆಲಸ ಉಳಿದವರದ್ದು. ಕಾವಕ್ಕನಿಗೆ ಸಿಕ್ಕಿದ್ದು ತಗಡಿನ ಚೌಕಟ್ಟಿಗೆ ದಪ್ಪ ತಂತಿ ಬೆಸೆಯುವ ಮೇಜು. ತಗಡು ದಪ್ಪ, ಕಾವು ಕುಡಿಯುತ್ತದೆ. ಸಾಕಷ್ಟು ಕಾಯದೆ ಬೆಸುಗೆ ಇಟ್ಟರೆ ಮೇಲೆ ಹೊಳೆಯುತ್ತದೆ, ಒಳಗೆ ಹಿಡಿದಿರುವುದಿಲ್ಲ. "ನಮ್ಮ ಮೇಲ್ವಿಚಾರಕಿ ಒಬ್ರಿದ್ರು. ಹೊಳೆಯೋದನ್ನ ನಂಬ್ಬೇಡ ಕಣೇ, ಉಗುರಲ್ಲಿ ಎಬ್ಬಿಸಿ ನೋಡು ಅನ್ನೋರು. ನಾವು ಹುಡುಗೀರು ಅದನ್ನ ಗಂಡುಗಳ ಬಗ್ಗೆ ಹೇಳ್ತಿದಾರೆ ಅಂದ್ಕೊಂಡು ನಗ್ತಿದ್ವಿ."

ಕಾರ್ಖಾನೆ ಮುಚ್ಚಿದ ದಿನ ಯಾರ್ಯಾರು ಯಾವ ಉಪಕರಣ ಹಿಡಿದಿದ್ದರೋ ಅದನ್ನು ಮನೆಗೆ ಒಯ್ಯಿರಿ ಎಂದರು. ಹಾಗೆ ಬಂದದ್ದು ಮೊಳದುದ್ದದ, ಮರದ ಹಿಡಿಯ, ತಾಮ್ರದ ಮೂತಿಯ, ಕರೆಂಟಿನಲ್ಲಿ ಕಾಯುವ ದೊಡ್ಡ ಸೋಲ್ಡರಿಂಗ್ ಐರನ್. ಮನೆಯಲ್ಲಿ ಅದರ ಹೆಸರು ಕೋಲು. ಬಹಳ ದಿನ ಅದು ಅಟ್ಟದ ಮೇಲೆ ಮಲಗಿತ್ತು. ಕಾವಕ್ಕ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸಕ್ಕೆ ಸೇರಿದರು. ಇಂದಿಗೂ ವಾರದ ದಿನಗಳಲ್ಲಿ ಅದೇ ಕೆಲಸ. ಬೋಲ್ಟು ರಜೆಯ ದಿನದ್ದು.

ಕೋಲು ಅಟ್ಟದಿಂದ ಇಳಿದದ್ದು ಮೈದುನನ ಕಾರಿನ ದೆಸೆಯಿಂದ. ಗಂಡನೂ ಮೈದುನನೂ ಸೇರಿ ಹಳೆಯ ಕಾರು ಬಿಚ್ಚುತ್ತಿದ್ದರು. ಸ್ಪ್ಯಾನರಿಗೆ ಕೊಳಾಯಿ ಪೈಪು ಸಿಕ್ಕಿಸಿ ಇಬ್ಬರೂ ನೇತಾಡಿದರು. ಠಣ್ ಎಂದು ಬೋಲ್ಟು ಮುರಿದು, ಮೈದುನ ಬಕೆಟ್ಟಿನ ಮೇಲೆ ಕುಳಿತ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಇತ್ತು. ಬಟ್ಟೆ ಒಣಹಾಕುತ್ತಿದ್ದ ಕಾವಕ್ಕ, "ಸ್ವಲ್ಪ ಕಾವು ಕೊಟ್ಟು ನೋಡ್ಲಾ?" ಎಂದರು. "ಅತ್ತಿಗೆ, ಇದು ರೇಡಿಯೊ ಅಲ್ಲ, ಹಾಡು ಬರಲ್ಲ," ಎಂದು ಮೈದುನ ನಕ್ಕ. ಕೋಲು ಇಟ್ಟು, ಮೇಣ ಕರಗಿ ಸಂದಿಗೆ ಇಳಿಯಲೆಂದು ಮೇಣದಬತ್ತಿ ಮುಟ್ಟಿಸಿ, ಸ್ಪ್ಯಾನರನ್ನು ಹಿಂದೆ ಮುಂದೆ ಕೊಂಚ ಕೊಂಚವೇ ಆಡಿಸಿದಾಗ ಬೋಲ್ಟು ಕಿರ್ರೆಂದು ಸುತ್ತು ಬಂತು. "ಹಾಡು ಬಂತಲ್ಲೋ," ಎಂದು ಕಾವಕ್ಕ ಬಟ್ಟೆ ಒಣಹಾಕಲು ಹೋದರು. ಆ ಮಾತು ಬೀದಿ ದಾಟಿ ಹೋಗಲು ತಡವಾಗಲಿಲ್ಲ.

ಹಾಗೆಂದು ಕೈ ಇಟ್ಟದ್ದೆಲ್ಲ ಬಂದಿದೆ ಎಂದಲ್ಲ. ಶುರುವಿನ ದಿನಗಳಲ್ಲಿ ಒಬ್ಬರ ಮನೆಗೆ ಹೋಗಿದ್ದರು. "ಬರೀ ಎಣ್ಣೆ ಬಿಟ್ಟಿದ್ದೀನಿ ಅಷ್ಟೇ," ಎಂದಿದ್ದರು ಯಜಮಾನರು. ಅದನ್ನು ನಂಬಿ ತಿರುಗಿಸಿದರೆ ಬೋಲ್ಟು ಕಡ್ಡಿಯಂತೆ ಮುರಿದು ಕೈಗೆ ಬಂತು. ಹಿಂದಿನ ದಿನ ಅವರು ಸುತ್ತಿಗೆಯಿಂದ ಬಡಿದು ಬಡಿದು ಅದರ ಕತ್ತು ಹಿಸುಕಿಬಿಟ್ಟಿದ್ದರು. ಯಾಕೆ ಹೇಳಲಿಲ್ಲ ಎಂದರೆ, ಹೆಂಡತಿ ಅಲ್ಲೇ ನಿಂತಿದ್ದರು. ಬಡಿಯಬೇಡಿ ಎಂದು ಅವರು ಮೊದಲೇ ಹೇಳಿದ್ದರಂತೆ.

ಆ ದಿನದಿಂದ ಒಂದು ಪದ್ಧತಿ ಬಂತು. ಕೋಲಿಗೆ ಕರೆಂಟು ಕೊಡುವ ಮೊದಲು ಬೋಲ್ಟಿಗೆ ಕೈ ಹಾಕಿದವರೊಬ್ಬರನ್ನು ಬಿಟ್ಟು ಮನೆಯವರೆಲ್ಲ ಅಲ್ಲಿಂದ ಹೋಗಬೇಕು. ಕಾವಕ್ಕ ಮತ್ತು ಆ ಒಬ್ಬರು ಮಾತ್ರ. ಏನೇನು ಮಾಡಿದಿರಿ ಹೇಳಿ. ಬೈಯುವುದಿಲ್ಲ, ನಗುವುದಿಲ್ಲ, ಹೊರಗೆ ಹೇಳುವುದಿಲ್ಲ. ಈ ಮಾತಿಗೆ ಎಂಥೆಂಥ ಗಟ್ಟಿಗರೂ ಕರಗಿದ್ದಾರೆ. ಅಳತೆ ತಪ್ಪಿದ ಸ್ಪ್ಯಾನರು ಹಾಕಿದವರು, ತಿರುಗಿಸುವ ದಿಕ್ಕನ್ನೇ ತಿರುಗು ಮುರುಗು ಮಾಡಿಕೊಂಡವರು, ಕೋಪಕ್ಕೆ ಒದ್ದವರು. "ಬೋಲ್ಟು ಹಠ ಮಾಡಲ್ಲ ರೀ. ಅದಕ್ಕೆ ಯಾರೋ ಏನೋ ಮಾಡಿರ್ತಾರೆ. ಏನು ಮಾಡಿದ್ರು ಅಂತ ಗೊತ್ತಾದ್ರೆ ಅರ್ಧ ಸಡಿಲ ಆದಂಗೆ."

ಮನೆಯವರನ್ನು ಅಲ್ಲಿಂದ ಎಬ್ಬಿಸುವ ಕೆಲಸ ಕಾವಕ್ಕನ ಗಂಡನದು. ಅವರು ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು, ಬೀದಿಗೆ ಇವತ್ತಿಗೂ ಕಂಡಕ್ಟರೇ. ವೈರು ಸುತ್ತಿದ ಬೋರ್ಡು ಹೊತ್ತು ಬರುತ್ತಾರೆ, ಅದನ್ನು ಗೋಡೆಗೆ ಸಿಕ್ಕಿಸುತ್ತಾರೆ, ಆಮೇಲೆ ಮಾತಿಗೆ ತೊಡಗುತ್ತಾರೆ. "ತುಂಬಿದ ಬಸ್ಸಲ್ಲಿ ಒಳಗೆ ಹೋಗಿ ಒಳಗೆ ಹೋಗಿ ಅಂತ ಜನಾನ ಸರಿಸಿದ್ದೀನಿ. ಇಲ್ಲಿ ಹೊರಗೆ ಹೋಗಿ ಹೊರಗೆ ಹೋಗಿ ಅಂತ ಸರಿಸ್ತೀನಿ. ಬಾಯಿ ಅದೇ, ದಿಕ್ಕು ಬೇರೆ," ಎನ್ನುತ್ತಾರೆ. ಹೆಂಡತಿಗೆ ಇದರಲ್ಲಿ ಎರಡು ಲಾಭ. "ಅವರೂ ದೂರ ಹೋಗ್ತಾರೆ, ಇವರ ಮಾತೂ ದೂರ ಹೋಗುತ್ತೆ."

ಈ ಬೆಳಗ್ಗೆಯೂ ಹಾಗೆಯೇ. "ಬಾಮ್ಮ, ನಿಮ್ಮನೆ ಹಿಂದಿನ ಗೋಡೆ ಯಾಕೋ ವಾಲಿದಂಗೆ ಕಾಣ್ತು ನಂಗೆ," ಎಂದು ಕಂಡಕ್ಟರು ಮಗಳನ್ನು ಎಬ್ಬಿಸಿಕೊಂಡು ಹೋಗುತ್ತಾರೆ. ಗೋಡೆ ನೆಟ್ಟಗೇ ಇದೆ. ಅವಳಿಗೂ ಅದು ಗೊತ್ತು. ಆದರೂ ಬೀಗವನ್ನು ಟೂಲ್ ಪೆಟ್ಟಿಗೆಯ ಮೇಲಿಟ್ಟು ಹಿಂದೆ ಹೋಗುತ್ತಾಳೆ.

ಪತ್ರಿಕೆಯವರು ಮೂಲೆಯಲ್ಲಿ ಇರಲಿ ಎಂದು ಡ್ರೈವರಣ್ಣನೇ ಒಪ್ಪಿದ್ದಾರೆ. ಅವರನ್ನು ಬಿಟ್ಟರೆ ಶೆಡ್ಡಿನಲ್ಲಿ ಇಬ್ಬರೇ. ಡ್ರೈವರಣ್ಣ ಸವೆದ ಟೈರಿನ ಮೇಲೆ ಕುಳಿತಿದ್ದಾರೆ. ಇಸ್ತ್ರಿ ಮಾಡಿದ ಅಂಗಿ, ಎದೆಯ ಜೇಬಿನಲ್ಲಿ ಪೆನ್ನು, ಬಾಡಿಗೆಗೆ ಹೊರಟವರ ಹಾಗೆ.

"ಹೇಳಿ ಅಣ್ಣ. ಈ ಬೋಲ್ಟಿಗೆ ಏನೇನಾಯ್ತು?"

"ಏನಾಗುತ್ತೆ ತಾಯಿ, ತುಕ್ಕು. ನೀರು ಹೋಗೋ ಜಾಗ, ತುಕ್ಕು ಹಿಡಿದಿದೆ."

"ಹೋದ ಸಲ ಪಂಪು ಹಾಕಿದ್ದು ಯಾರು?"

"ನಾನೇ. ಈ ಕಾರಿನ ಒಂದು ನಟ್ಟನ್ನೂ ಇನ್ನೊಬ್ಬರ ಕೈ ಮುಟ್ಟಿಲ್ಲ."

"ಆಗ ಏನಾದ್ರೂ ಹಚ್ಚಿದ್ರಾ?"

"ಇಲ್ಲ ತಾಯಿ. ನಿನ್ನೆಯಿಂದ ಇವಳೂ ಅದೇ ಕೇಳ್ತಾಳೆ. ನಾನ್ಯಾಕೆ ಸುಳ್ಳು ಹೇಳ್ಲಿ?" ಅವರ ದನಿ ಏರುತ್ತದೆ. ಕೂಡಲೇ ಇಳಿಯುತ್ತದೆ. "ಹಚ್ಚಿಲ್ಲ ಅನ್ಸುತ್ತೆ."

ಆ 'ಅನ್ಸುತ್ತೆ' ಎಂಬುದು ಕಾವಕ್ಕನಿಗೆ ಸಾಕು. ಅವರು ಚಿಕ್ಕ ಸ್ಪ್ಯಾನರು ತೆಗೆದು ಬೋಲ್ಟಿಗೆ ಕೂರಿಸಿ, ಬೆರಳಿನ ಬಲದಲ್ಲಷ್ಟೇ ಒತ್ತುತ್ತಾರೆ. ತುಕ್ಕಿನ ಬೋಲ್ಟು ಒಂದಿಷ್ಟಾದರೂ ನರಳುತ್ತದೆ, ಸಣ್ಣಗೆ ಕರಕರ ಅನ್ನುತ್ತದೆ. ಇದು ಕಲ್ಲಿನಂತೆ ಮೂಕ. ಸುತ್ತ ಕೆಂಪು ಪುಡಿಯೂ ಇಲ್ಲ. ತುಕ್ಕು ಎಂದುಕೊಂಡು ಅರೆಕಾವು ಕೊಟ್ಟು, ಹಿಂದೆ ಮುಂದೆ ಆಡಿಸಿದರೆ ಇಂಥದ್ದು ಮುರಿಯುವುದೇ ಹೆಚ್ಚು. ಏನನ್ನೋ ಹಾಕಿ ಬಿಗಿದಿದ್ದರೆ ದಾರಿಯೇ ಬೇರೆ. ಹೊತ್ತುಗಟ್ಟಲೆ ಕಾವು ಬೇಕು, ಅಲ್ಲಿಯವರೆಗೆ ಸ್ಪ್ಯಾನರು ಮುಟ್ಟುವಂತಿಲ್ಲ. ಹಾಗೆಂದು ಇಂಥ ಮಾತಿಲ್ಲದ ಬೋಲ್ಟು ಬೇರೆ ಕಾರಣಕ್ಕೂ ಮೂಕವಾಗಿರುವುದುಂಟು. ಸುಮ್ಮನೆ ಕಾಯಿಸುತ್ತ ಕೂತರೆ ಒಳಗೆ ನೀರು ತಡೆಯುವ ರಬ್ಬರು ಹಾಳು. ಯಾವುದು ಎಂದು ತಿಳಿಯದೆ ಕೈ ಹಾಕುವುದು ಜೂಜು. ಇವತ್ತಿನ ಜೂಜಿನಲ್ಲಿ ಪಣಕ್ಕಿರುವುದು ಎಂಜಿನ್ನು ಮಾತ್ರವಲ್ಲ. ಟೂಲ್ ಪೆಟ್ಟಿಗೆಯ ಮೇಲೆ ಬೀಗ ಕೂತಿದೆ.

ಸುಳ್ಳು ಹೇಳುವವರ ಬಾಯಿ ಬಿಡಿಸುವುದು ಕಾವಕ್ಕನಿಗೆ ಗೊತ್ತು. ನೆನಪೇ ಇಲ್ಲದವರ ಹತ್ತಿರ ಹೇಗೆ? ಅವರು ಸ್ವಲ್ಪ ಹೊತ್ತು ತಾಮ್ರದ ಮೂತಿ ಉಜ್ಜುತ್ತ ಕೂರುತ್ತಾರೆ. ಆಮೇಲೆ ಬಿಚ್ಚಿಟ್ಟ ಬೋಲ್ಟುಗಳಲ್ಲಿ ಒಂದನ್ನು ಎತ್ತಿ ಡ್ರೈವರಣ್ಣನ ಅಂಗೈಯಲ್ಲಿ ಇಡುತ್ತಾರೆ.

"ಅಣ್ಣ, ಹೇಳೋದು ಬೇಡ ಬಿಡಿ. ನನಗೆ ಬೋಲ್ಟು ಹಾಕೋದು ಗೊತ್ತಿಲ್ಲ, ತೆಗೆಯೋದು ಮಾತ್ರ ಗೊತ್ತು. ಈ ಕೆಳಗಿನ ಮೂಲೆಗೆ ನೀವು ಹೇಗೆ ಹಾಕ್ತೀರಿ, ಒಂದ್ಸಲ ತೋರ್ಸಿ. ಯೋಚ್ನೆ ಮಾಡ್ಬೇಡಿ. ಸುಮ್ನೆ ಹಾಕಿ."

ಡ್ರೈವರಣ್ಣ ನಗುತ್ತಾರೆ. ಇದೇನು ಮಕ್ಕಳಾಟ ಎಂಬ ನಗು. ಆದರೂ ಎದ್ದು ಕಾರಿನ ಮುಂದೆ ನಿಲ್ಲುತ್ತಾರೆ. ಬಲಗೈ ಬೋಲ್ಟನ್ನು ಅಂಗಿಯ ಅಂಚಿಗೆ ಒರೆಸುತ್ತದೆ. ಕಣ್ಣ ಹತ್ತಿರ ತಂದು ಎಳೆ ಎಳೆಯಾಗಿ ನೋಡುತ್ತಾರೆ. ಉಫ್ ಎಂದು ಊದುತ್ತಾರೆ. ಆಮೇಲೆ ಎಡಗೈ ತಾನಾಗಿ ಮೇಲೆದ್ದು, ಬೋಲ್ಟಿನ ಮೇಲೆ ಬಂದು, ಹೆಬ್ಬೆರಳೂ ತೋರುಬೆರಳೂ ಸೇರಿ ಗಾಳಿಯಲ್ಲಿ ಏನನ್ನೋ ಹಿಂಡುತ್ತವೆ. ಬಲಗೈ ಬೋಲ್ಟನ್ನು ನಿಧಾನವಾಗಿ ಒಂದು ಸುತ್ತು ಹೊರಳಿಸುತ್ತದೆ, ಎಲ್ಲ ಕಡೆಗೂ ತಾಗಲಿ ಎಂಬಂತೆ.

ಅಲ್ಲೇ ನಿಲ್ಲುತ್ತಾರೆ. ತಮ್ಮ ಎಡಗೈಯನ್ನೇ ನೋಡುತ್ತಾರೆ, ಬೇರೆ ಯಾರದೋ ಕೈ ಎಂಬಂತೆ. ಇನ್ನೊಮ್ಮೆ ಹಿಂಡಿ ನೋಡುತ್ತಾರೆ.

"ಟ್ಯೂಬು," ಎನ್ನುತ್ತಾರೆ ಮೆಲ್ಲಗೆ. "ಕೆಂಪು ಗಮ್ಮು. ಈ ಮೂಲೆ ಸೋರ್ತಾ ಇತ್ತು ತಾಯಿ. ಎಷ್ಟು ಬಿಗಿದ್ರೂ ಸೋರ್ತಾ ಇತ್ತು. ಆಮೇಲೆ ಆ ಗಮ್ಮು ತಂದು ಹಾಕಿದೆ. ಎಂದೆಂದಿಗೂ ಅಲುಗದ ಹಾಗೆ ಅಂದಿದ್ದ ಅಂಗಡಿಯವನು."

"ಸರಿ ಹೇಳಿದ್ದಾನೆ," ಎನ್ನುತ್ತಾರೆ ಕಾವಕ್ಕ.

ಡ್ರೈವರಣ್ಣ ನಗುವುದಿಲ್ಲ. ಟೈರಿನ ಮೇಲೆ ಕುಸಿದು ಕೂರುತ್ತಾರೆ. "ಅವಳ ಎದುರಿಗೆ ಆಣೆ ಮಾಡಿದ್ನಲ್ಲ, ಹಾಕಿಲ್ಲ ಅಂತ. ಇನ್ನೂ ಏನೇನು ಮರೆತಿದ್ದೀನೋ."

ಏನೂ ಆಗಿಲ್ಲ ಬಿಡಿ ಎಂದು ಕಾವಕ್ಕ ಹೇಳುವುದಿಲ್ಲ. ಹೊಳೆಯುವ ಮಾತು ಅವರಿಗೆ ಬರುವುದಿಲ್ಲ. "ಅದು ನಂಗೂ ಗೊತ್ತಿಲ್ಲ ಅಣ್ಣ, ನಿಮಗೂ ಗೊತ್ತಿಲ್ಲ. ಇವತ್ತಿಗೆ ಇದೊಂದು ಸಿಕ್ತಲ್ಲ. ಈ ಕೋಲಿನ ಪ್ಲಗ್ ಹಾಕಿ ಸ್ವಲ್ಪ."

ಕೋಲು ಕಾಯುತ್ತದೆ. ಬೋಲ್ಟಿನ ತಲೆಯನ್ನು ಉಜ್ಜಿ ಹೊಳಪು ಮಾಡಿ, ಅದರ ಮೇಲೆ ಒಂದು ಹನಿ ಬೆಸುಗೆ ಕರಗಿಸಿ ಕೂರಿಸುತ್ತಾರೆ. ಬರೀ ತಾಮ್ರವನ್ನು ಬರೀ ಬೋಲ್ಟಿಗೆ ಒತ್ತಿದರೆ ನಡುವೆ ಗಾಳಿ ಉಳಿದು ಕಾವು ಇಳಿಯುವುದಿಲ್ಲ. ಕರಗಿದ ಹನಿ ಇದ್ದರೆ ಎರಡನ್ನೂ ತಬ್ಬಿ ಹಿಡಿಯುತ್ತದೆ. ಇದು ಗ್ಯಾರೇಜಿನವರು ಮಾಡುವ ಕೆಲಸವಲ್ಲ. ಅವರ ಬಳಿ ಗ್ಯಾಸಿನ ಬೆಂಕಿ ಇದೆ, ಪುರುಸೊತ್ತಿಲ್ಲ. ಮನೆಯ ಶೆಡ್ಡಿನಲ್ಲಿ, ಪೆಟ್ರೋಲು ಪೈಪಿನ ಪಕ್ಕದಲ್ಲಿ, ಬೆಂಕಿ ತೋರಿಸುವ ಧೈರ್ಯ ಯಾರಿಗಿದೆ?

ಆಮೇಲೆ ಕಾಯುವುದೇ ಕೆಲಸ. ಕಾಯುವುದೆಂದರೆ ಕೈ ಕಟ್ಟಿ ಕೂರುವುದಲ್ಲ. ಬಾಗಿದ ಸೊಂಟ ನೆಟ್ಟಗಾಗುವಂತಿಲ್ಲ, ಒತ್ತಿದ ಕೈ ಅಲುಗುವಂತಿಲ್ಲ. ದಪ್ಪ ಲೋಹ ಕಾವನ್ನು ಕುಡಿಯುತ್ತಲೇ ಇರುತ್ತದೆ. ರಜೆಯ ದಿನ ಎರಡು ಮನೆ, ಬಹಳವೆಂದರೆ ಮೂರು. ಅದಕ್ಕಿಂತ ಹೆಚ್ಚು ಒಪ್ಪಿಕೊಂಡರೆ ಮರುದಿನ ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಎತ್ತಿಕೊಳ್ಳಲು ತೋಳು ಬರುವುದಿಲ್ಲ. ಕಣ್ಣಿಗೆ ಹೊಗೆ, ಬೆರಳ ತುದಿಗಳಲ್ಲಿ ಸ್ಪರ್ಶ ಕಡಿಮೆ. "ಬಿಸಿ ಲೋಟ ಹಾಗೇ ಹಿಡ್ಕೋತೀನಿ. ಸೊಸೆ ಹೆದರ್ತಾಳೆ. ಹೆದರ್ಲಿ ಬಿಡಿ, ಅತ್ತೆ ಅಂದ್ಮೇಲೆ ಒಂದಿಷ್ಟು ಹೆದರಿಕೆ ಇರ್ಬೇಕಲ್ಲ."

ಕಬ್ಬಿಣ ಕಾದಾಗಲೇ ಬಡಿ ಎನ್ನುತ್ತಾರಲ್ಲ ಎಂದರೆ ತಲೆಯಾಡಿಸುತ್ತಾರೆ. "ಅದು ಕಮ್ಮಾರರಿಗೆ ಸರಿ. ಬಡಿಯೋಕೆ ಎಲ್ರೂ ಇದ್ದಾರೆ. ಕಾದ ಮೇಲೂ ಬಡೀದೇ ಇರೋದು ನನ್ನ ಕಸುಬು."

ಡ್ರೈವರಣ್ಣ ಎದ್ದು ಬಂದು ವೈರನ್ನು ಎತ್ತಿ ಹಿಡಿಯುತ್ತಾರೆ, ಅದರ ಭಾರ ಕೋಲಿನ ಮೇಲೆ ಬೀಳದಿರಲಿ ಎಂದು. ಯಾರೂ ಹೇಳಿಕೊಟ್ಟದ್ದಲ್ಲ. ಹೊತ್ತೇರುತ್ತದೆ. ಬೀದಿಯಲ್ಲಿ ಗೇಟುಗಳ ಸದ್ದು, ಪಕ್ಕದ ಮನೆಯವರೊಬ್ಬರು ಕಾಂಪೌಂಡಿನ ಮೇಲೆ ಗಲ್ಲವೂರಿ, "ಇನ್ನೂ ಬಂದಿಲ್ವಾ? ಎರಡೇಟು ಹಾಕ್ಬಾರ್ದಾ?" ಎನ್ನುತ್ತಾರೆ. ಅಷ್ಟರಲ್ಲಿ ಎಲ್ಲಿಂದಲೋ ಕಂಡಕ್ಟರ ದನಿ, "ಸ್ವಾಮಿ, ನಿಮ್ಮ ಹಿಂದಿನ ಗೋಡೆ ನೋಡಿದ್ರಾ?"

ಕೊನೆಗೆ ಶೆಡ್ಡಿನಲ್ಲಿ ಒಂದು ವಾಸನೆ ಏಳುತ್ತದೆ. ಕಹಿ, ಮೂಗು ಚುಚ್ಚುವಂಥದ್ದು. ಬೋಲ್ಟಿನ ಬುಡದಲ್ಲಿ ಹೊಗೆಯ ಒಂದು ಎಳೆ. ಕಾವಕ್ಕನ ಮುಖದಲ್ಲಿ ಮೊದಲ ಬಾರಿಗೆ ಸಡಿಲು. "ಬಂತಣ್ಣ ನಿಮ್ಮ ಗಮ್ಮು. ಮಾತಾಡ್ತಿದೆ." ಕೋಲು ತೆಗೆದು, ಕರಗಿದ ಹನಿಯನ್ನು ಬಟ್ಟೆಯಲ್ಲಿ ಒರೆಸಿ, ಸ್ಪ್ಯಾನರು ಕೂರಿಸುತ್ತಾರೆ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೇ ಒತ್ತುತ್ತಾರೆ. ನಿಲ್ಲುತ್ತಾರೆ. ಈಗ ಬಿಚ್ಚುವ ಕಡೆಗೆ. ಮುಂಗೈಯ ನರ ಉಬ್ಬುತ್ತದೆ. ಮಗಳು ಬಾಗಿಲ ಬಳಿ ಬಂದು ನಿಂತಿದ್ದಾಳೆ. ಅವಳ ಹಿಂದೆ ಕಂಡಕ್ಟರು, ಬಾಯಿ ಮುಚ್ಚಿಕೊಂಡು.

ಸದ್ದಿಲ್ಲ. ಠಣ್ ಎನ್ನಲಿಲ್ಲ, ಕಿರ್ರೆನ್ನಲೂ ಇಲ್ಲ. ಸ್ಪ್ಯಾನರು ಮೆತ್ತಗೆ, ಅಂಟಂಟಾಗಿ, ಕಾಲು ಸುತ್ತು ಸರಿಯುತ್ತದೆ.

ಅಲ್ಲಿಗೆ ಕಾವಕ್ಕ ಕೈ ಬಿಡುತ್ತಾರೆ. ಪೂರ್ತಿ ಬಿಚ್ಚಿ ತೆಗೆಯುವುದು ಅವರ ಪದ್ಧತಿಯಲ್ಲ. "ಮುರಿಯೋದಾದ್ರೆ ನನ್ನ ಕೈಯಲ್ಲಿ ಮುರೀಲಿ. ಬರೋದಾದ್ರೆ ಮನೆಯವರ ಕೈಯಲ್ಲೇ ಬರ್ಲಿ," ಎಂಬುದು ಅವರ ಲೆಕ್ಕ. ಸ್ಪ್ಯಾನರು ಡ್ರೈವರಣ್ಣನ ಕೈಗೆ ಹೋಗುತ್ತದೆ. ಅವರು ಸುತ್ತು ಸುತ್ತಾಗಿ ತಿರುಗಿಸಿ, ಬಿಸಿ ಬೋಲ್ಟನ್ನು ಬಟ್ಟೆಯಲ್ಲಿ ಹಿಡಿದು ಹೊರಗೆ ತೆಗೆಯುತ್ತಾರೆ. ತಿರುಪಿನ ಎಳೆಗಳ ತುಂಬ ಕಡುಗೆಂಪು ಹಕ್ಕಳೆ.

"ತುಕ್ಕಾ ಅದು?" ಎಂದು ಮಗಳು ಮುಂದೆ ಬರುತ್ತಾಳೆ.

ಕಾವಕ್ಕ ತಾಮ್ರದ ಮೂತಿ ಒರೆಸುತ್ತಿದ್ದಾರೆ. ಕೊಟ್ಟ ಮಾತು ಮಾತೇ, ಅವರ ಬಾಯಿಂದ ಏನೂ ಬರುವುದಿಲ್ಲ. ಡ್ರೈವರಣ್ಣ ಹೌದು ಎಂದರೆ ಅಲ್ಲಿಗೆ ಮುಗಿಯುತ್ತದೆ. ತುಕ್ಕು ಯಾರ ತಪ್ಪೂ ಅಲ್ಲ.

"ಅಲ್ಲ ಪುಟ್ಟಿ. ಗಮ್ಮು," ಎನ್ನುತ್ತಾರೆ ಡ್ರೈವರಣ್ಣ. "ನಾನೇ ಹಾಕಿದ್ದು. ನಿನ್ನೆ ನೀನು ಕೇಳ್ದಾಗ ಇಲ್ಲ ಅಂದೆ. ಸುಳ್ಳು ಹೇಳಿದ್ದಲ್ಲ ಮಗಾ. ಇರ್ಲಿಲ್ಲ, ನನ್ನ ತಲೇಲಿ."

ಮಗಳು ಬೋಲ್ಟನ್ನು ಬಟ್ಟೆಯ ಸಮೇತ ತೆಗೆದುಕೊಂಡು ನೋಡುತ್ತಾಳೆ. ಆಮೇಲೆ, "ಮತ್ತೆ ಈಗ ಹೇಗೆ ಗೊತ್ತಾಯ್ತು?"

ಅವರು ಎಡಗೈ ಎತ್ತುತ್ತಾರೆ. ಹೆಬ್ಬೆರಳು, ತೋರುಬೆರಳು. ಗಾಳಿಯನ್ನು ಒಮ್ಮೆ ಹಿಂಡಿ ತೋರಿಸುತ್ತಾರೆ. "ಇದಕ್ಕೆ ಗೊತ್ತಿತ್ತು."

ಮಗಳು ಟೂಲ್ ಪೆಟ್ಟಿಗೆಯ ಹತ್ತಿರ ಹೋಗುತ್ತಾಳೆ. ಬೀಗ ಎತ್ತಿಕೊಳ್ಳುತ್ತಾಳೆ. ಕಂಡಕ್ಟರು ಏನೋ ಹೇಳಲು ಬಾಯಿ ತೆರೆದವರು ಹೆಂಡತಿಯ ಕಣ್ಣು ನೋಡಿ ಮುಚ್ಚುತ್ತಾರೆ. ಬೀಗ ಅವಳ ಜೇಬಿಗೆ ಹೋಗುತ್ತದೆ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅಪ್ಪನ ಕಾಲ ಬಳಿ ಇಡುತ್ತಾಳೆ.

"ಹೊಸ ಪಂಪು ನೀನೇ ಕೂರ್ಸು. ಆದ್ರೆ ನಾನಿಲ್ದೆ ಬಾನೆಟ್ ತೆಗೆಯೋ ಹಾಗಿಲ್ಲ. ನಾನು ಪಕ್ಕದಲ್ಲೇ ಇರ್ತೀನಿ."

"ಆಯ್ತು."

"ಆಯ್ತು ಅಂದ್ರೆ ಆಯ್ತು ಅಪ್ಪ."

"ಆಯ್ತು ಅಂದ್ನಲ್ಲ." ಬಾಗಿ ಪೆಟ್ಟಿಗೆ ತೆರೆಯುತ್ತಾ ಅವರು ಕೇಳುತ್ತಾರೆ, "ಈ ಮೂಲೆ ಸೋರೋ ಮೂಲೆ. ಗಮ್ಮು ಹಾಕ್ಲಾ?"

"ಬೇಡ."

"ಒಂದು ಹನಿ?"

"ಅಪ್ಪಾ!"

ಇದೆಲ್ಲ ಪತ್ರಿಕೆಗೆ ಬರಬಹುದೇ ಎಂದು ಕೇಳಿದರೆ ಡ್ರೈವರಣ್ಣನ ತಕರಾರಿಲ್ಲ. "ಬರ್ಲಿ ಬಿಡಿ. ನಾನು ಮರೆತ್ರೆ ಓದ್ಕೊಳ್ಳೋಕೆ ಆಗುತ್ತೆ." ಕಾವಕ್ಕನದೇ ತಕರಾರು. ಬೋಲ್ಟು ತೆಗೆಯುವುದು ಬರೆಯುವಂಥ ಕೆಲಸವೇ? ಬೆಸುಗೆ ಹಾಕಿದವರು ಆ ಹಾಲ್ ತುಂಬ ಇದ್ದರು, ಅವರಲ್ಲಿ ಯಾರ ಕೈಗೆ ಈ ಕೋಲು ಕೊಟ್ಟಿದ್ದರೂ ಇದನ್ನೇ ಮಾಡುತ್ತಿದ್ದರು ಎಂಬುದು ಅವರ ವಾದ. ಒಂದು ವಿಷಯ ಮಾತ್ರ ಒಪ್ಪಿಕೊಳ್ಳುತ್ತಾರೆ. "ಇಷ್ಟು ದಿನ ಬಾಯಿ ಬಿಡ್ಸೋದೇ ದೊಡ್ಡದು ಅಂದ್ಕೊಂಡಿದ್ದೆ. ಬಾಯಿಗೇ ಗೊತ್ತಿಲ್ದೇ ಇರೋದೂ ಇರುತ್ತೆ ಅಂತ ಇವತ್ತು ಗೊತ್ತಾಯ್ತು."

ದಂಪತಿ ನಡೆದೇ ಮನೆಗೆ ಹೊರಡುತ್ತಾರೆ. ಬಿಸಿಲು ಬಂದಿದೆ, ಬೀದಿಯಲ್ಲಿ ಅಲ್ಲೊಂದು ಇಲ್ಲೊಂದು ಬಾನೆಟ್ ಏಳುತ್ತಿದೆ. ಕಂಡಕ್ಟರ ಹೆಗಲಲ್ಲಿ ವೈರಿನ ಬೋರ್ಡು. ಕೋಲನ್ನು ಕಾವಕ್ಕ ಯಾರಿಗೂ ಕೊಡುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಾವೇ ಹಿಡಿದಿದ್ದಾರೆ.

"ರೀ," ಎನ್ನುತ್ತಾರೆ ಕಾವಕ್ಕ ತಿರುವಿನಲ್ಲಿ. "ಮುಂದೆ ನಂಗೂ ಹಾಗೇನಾದ್ರೂ ಆದ್ರೆ, ಅದು ನೆನಪಿದ್ಯಾ ಇದು ನೆನಪಿದ್ಯಾ ಅಂತ ಪ್ರಶ್ನೆ ಕೇಳ್ತಾ ಕೂರ್ಬೇಡಿ. ಈ ಕೋಲು ನನ್ನ ಕೈಗೆ ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ."

ಕಂಡಕ್ಟರು ಬೋರ್ಡನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾರೆ.

"ಸುಮ್ನೆ ಕೂರೋದೊಂದು ಸ್ವಲ್ಪ ಕಷ್ಟ ಕಣೇ."

"ಗೊತ್ತು. ಮಾತಾಡ್ತಾನೇ ಕೂತ್ಕೊಳ್ಳಿ," ಎನ್ನುತ್ತಾರೆ ಅವರು. "ದನಿ ಕೇಳಿದ್ರೆ ಯಾರು ಅಂತಾದ್ರೂ ಗೊತ್ತಾಗುತ್ತೆ."